ಅಪ್ಪನ ಸೈಕಲ್, ತುಂಗಭದ್ರೆಯ ದಾರಿ

ಎಲ್ಲ ಶುರುವಾದದ್ದು ಮೊಬೈಲಿಗೆ ಬಂದ ಒಂದು ಫೋಟೋದಿಂದ.

ನನ್ನ ಮಗ ಕಚೇರಿ ಕೆಲಸದ ಮೇಲೆ ಪೋರ್ಚುಗಲ್ ದೇಶಕ್ಕೆ ಹೋಗಿದ್ದ. ನಾಲ್ಕು ದಿನ ಬಿಡುವು ಸಿಕ್ಕಿತಂತೆ. ಬಾಡಿಗೆ ಸೈಕಲ್ ಹಿಡಿದು ದೌರೊ ಎಂಬ ನದಿಯ ಕಣಿವೆ ಸುತ್ತಿ ಬಂದ. ಬೆಟ್ಟದ ಮೈಗೆ ಮೆಟ್ಟಿಲು ಕಡಿದ ಹಾಗೆ ದ್ರಾಕ್ಷಿ ತೋಟಗಳು, ಕೆಳಗೆ ಹಸಿರು ನೀರು, ದಂಡೆಯ ಮೇಲೆ ಕೆಂಪು ಹೆಂಚಿನ ಹಳೆಯ ಊರುಗಳು. ಪೋರ್ತೊ ನಗರದ ಹಳೆಯ ಕೇರಿಗಳೂ ಆ ದ್ರಾಕ್ಷಿ ಕಣಿವೆಯೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಚಿತ್ರಗಳೇನೋ ಬಹಳ ಚೆನ್ನಾಗಿದ್ದವು.

ಅವನ ಮಗಳು, ಅಂದರೆ ನನ್ನ ಮೊಮ್ಮಗಳು, ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಕೂಡ್ಲಿಗಿಗೆ ಬಂದಿದ್ದಳು. ಹನ್ನೆರಡು ವರ್ಷ. ಫೋಟೋ ನೋಡಿ ನಿಟ್ಟುಸಿರು ಬಿಟ್ಟಳು.

"ಅಜ್ಜಿ, ನಮ್ಮ ಕಡೆ ಇಂಥದ್ದು ಏನೂ ಇಲ್ಲ ಅಲ್ವಾ?"

ನಾನು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಇಂಥ ಪ್ರಶ್ನೆ ಕೇಳಿದರೆ ಸುಮ್ಮನಿರಲಾಗುವುದಿಲ್ಲ. ಬೆರಳು ಮಡಚಿ ಎಣಿಸಿದೆ. ನದಿ ಇದೆ, ತುಂಗಭದ್ರೆ. ಗುಡ್ಡಗಳಿವೆ, ಬೇಕಾದಷ್ಟು. ಹಳೆಯ ಊರುಗಳಿವೆ, ಸಾವಿರ ವರ್ಷದ ಗುಡಿಗಳಿವೆ.

"ಸೈಕಲ್?" ಎಂದಳು.

ಅದೂ ಇತ್ತು. ಹಿತ್ತಲಿನ ಕೊಟ್ಟಿಗೆಯಲ್ಲಿ, ಗೋಣಿಚೀಲದ ಕೆಳಗೆ.

ಕೊಟ್ಟಿಗೆಯ ಸೈಕಲ್

ಅದು ನನ್ನ ಅಪ್ಪನ ಸೈಕಲ್. ಅಪ್ಪ ಹಳ್ಳಿಗಳಿಗೆ ಅಂಚೆ ಹಂಚುತ್ತಿದ್ದರು. ನನಗೆ ಸೈಕಲ್ ಕಲಿಸಿದವರೂ ಅವರೇ. ಅಡ್ಡಪಟ್ಟಿಯ ಸಂದಿಯಲ್ಲಿ ಕಾಲು ತೂರಿಸಿ ಒಳಪೆಡಲ್ ತುಳಿಯುವುದು! ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಅಜ್ಜ ಅಜ್ಜಿಯರನ್ನು ಕೇಳಿ. 1970ರ ಹೊತ್ತಿಗೆ ನಮ್ಮ ಕಡೆ ಹುಡುಗಿ ಸೈಕಲ್ ಹತ್ತಿದರೆ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಅಪ್ಪ ಮಾತ್ರ ಹಿಂದಿನಿಂದ ಸೀಟು ಹಿಡಿದು, "ಮುಂದೆ ನೋಡು, ಮಂದಿ ಕಡೆ ನೋಡಬೇಡ" ಅನ್ನುತ್ತಿದ್ದರು.

ಅಪ್ಪ ಹುಟ್ಟಿ ಬೆಳೆದ ಊರು ಈಗ ನೀರಿನೊಳಗಿದೆ. ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಾಗ, ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ನಮ್ಮದೂ ಅದರಲ್ಲಿ ಒಂದು. ಜನ ದಿಕ್ಕಿಗೊಬ್ಬರಾಗಿ ಚದುರಿದರು. ಆದರೆ ಕಾಗದಗಳಿಗೆ ಅದು ಹೇಗೆ ಗೊತ್ತಾಗಬೇಕು? ಎಷ್ಟೋ ವರ್ಷ ಹಳೇ ಊರಿನ ವಿಳಾಸಕ್ಕೇ ಬರುತ್ತಿದ್ದವಂತೆ. ಅಪ್ಪ ಅವನ್ನೆಲ್ಲ ಚೀಲಕ್ಕೆ ಹಾಕಿಕೊಂಡು, ಯಾರು ಎಲ್ಲಿ ನೆಲೆಸಿದ್ದಾರೆಂದು ಹುಡುಕಿ ಹುಡುಕಿ ಕೊಟ್ಟುಬರುತ್ತಿದ್ದರು.

ಕೊನೆಯ ಎರಡು ವರ್ಷ ಅಪ್ಪ ನನ್ನ ಮನೆಯಲ್ಲೇ ಇದ್ದರು. ಒಂದು ಬೇಸಿಗೆಯಲ್ಲಿ ಹೇಳಿದರು, "ನೀರು ಬಹಳ ಇಳಿದಿದೆಯಂತೆ. ಹಳೇ ಊರಿನ ಕಲ್ಲು ಕಾಣುತ್ತಿವೆಯಂತೆ. ಒಂದು ಸಲ ಕರಕೊಂಡು ಹೋಗವ್ವಾ." ನನಗೆ ಆಗ ಪರೀಕ್ಷೆಯ ಪೇಪರು ತಿದ್ದುವ ಕೆಲಸ. "ಮುಂದಿನ ವರ್ಷ ಹೋಗೋಣಪ್ಪಾ" ಅಂದೆ.

ಮುಂದಿನ ವರ್ಷ ಅಪ್ಪ ಇರಲಿಲ್ಲ.

ಆಮೇಲೆ ನಾನೂ ಆ ಕಡೆ ಹೋಗಲಿಲ್ಲ. ಮೊಮ್ಮಗಳ ಪ್ರಶ್ನೆಗೆ ಉತ್ತರ ಕೊಡುವ ನೆಪದಲ್ಲಿ ಹಳೆಯ ಸಾಲವೊಂದನ್ನು ತೀರಿಸೋಣ ಅನ್ನಿಸಿತು. ಐದು ತಾಲ್ಲೂಕು ಸುತ್ತಿ ಹಿನ್ನೀರಿಗೆ ಹೋಗಿ ಬರುವುದು ಎಂದು ದಾರಿ ಹಾಕಿಕೊಂಡೆವು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹೂವಿನ ಹಡಗಲಿ, ಹಗರಿಬೊಮ್ಮನಹಳ್ಳಿ, ಮತ್ತೆ ಕೂಡ್ಲಿಗಿ. ಇನ್ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಎಂಟು ದಿನ. ರಾತ್ರಿಯ ವಸತಿಗೆ ಚಿಂತೆ ಇರಲಿಲ್ಲ. ಮೇಷ್ಟ್ರ ಕೆಲಸ ಮಾಡಿದವರಿಗೆ ಎಲ್ಲ ಊರಿನಲ್ಲೂ ಹಳೆಯ ವಿದ್ಯಾರ್ಥಿಗಳಿರುತ್ತಾರೆ.

ಸೈಕಲ್ಲಿಗೆ ಹೊಸ ಟೈರು, ಟ್ಯೂಬು, ಬ್ರೇಕು ಹಾಕಿಸಿದೆ. ನನಗೂ ಅರವತ್ತೇಳನೆಯ ವಯಸ್ಸಿನಲ್ಲಿ ಮೊದಲ ಸಲ ಸಲ್ವಾರ್ ಹೊಲಿಸಿದೆ. ವೈದ್ಯರಿಗೆ ಮೊಣಕಾಲು ತೋರಿಸಿದೆ. "ಏರಿನಲ್ಲಿ ಇಳಿದು ತಳ್ಳಿ, ಹಟ ಮಾಡಬೇಡಿ" ಎಂದರು. ನಮ್ಮ ಯಜಮಾನರು, "ಪಂಚರ್ ಆದರೆ ಮಾತ್ರ ನನಗೆ ಫೋನ್ ಮಾಡಬೇಡಿ" ಎಂದು ಹೇಳಿ ಬೀಳ್ಕೊಟ್ಟರು.

ಏರು ಅಂದರೆ ಲೆಕ್ಕ

ಏಪ್ರಿಲ್ ತಿಂಗಳು. ನಮ್ಮ ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬೆಳಗಿನ ಐದೂವರೆಗೆ ಹೊರಟು ಒಂಬತ್ತೂವರೆಗೆ ನೆರಳು ಸೇರುವುದು ಎಂದು ನಿಯಮ ಮಾಡಿಕೊಂಡೆವು. ಊರು ಬಿಡುವ ಮೊದಲು ಗಾಂಧೀಜಿಯ ಚಿತಾಭಸ್ಮ ಇರಿಸಿರುವ ಕೂಡ್ಲಿಗಿಯ ಸ್ಮಾರಕದ ಮುಂದೆ ಒಂದು ನಿಮಿಷ ನಿಂತೆವು. ದಿನಾ ಅದರ ಮುಂದೆ ಓಡಾಡುವ ನಾನು ನಿಂತು ನೋಡಿ ಎಷ್ಟೋ ವರ್ಷವಾಗಿತ್ತು.

ಕೊಟ್ಟೂರಿನ ದಾರಿ ಕಾರಿನಲ್ಲಿ ಹೋದರೆ ಸಪಾಟು. ಸೈಕಲ್ ಮೇಲೆ ಕೂತರೆ ಅಲ್ಲ! ಕಾರಿನವರಿಗೆ ಕಾಣದ ಸಣ್ಣ ಏರೂ ತೊಡೆಗೆ ತಿಳಿಯುತ್ತದೆ. ಒಂದು ದಿಬ್ಬದಲ್ಲಿ ನಾನು ಇಳಿದು ತಳ್ಳತೊಡಗಿದೆ. ಮೊಮ್ಮಗಳು ತನ್ನ ಗೇರ್ ಸೈಕಲ್ಲಿನಲ್ಲಿ ಸುಯ್ಯೆಂದು ಮೇಲೆ ಹೋಗಿ ನಿಂತು, "ಅಜ್ಜಿ, ನಾನು ನಿಮಗಿಂತ ಶಕ್ತಿವಂತೆ!" ಎಂದು ಕೂಗಿದಳು.

"ಶಕ್ತಿ ಅಲ್ಲ, ಲೆಕ್ಕ" ಅಂದೆ. ನೆರಳಲ್ಲಿ ಕೂತು ಇಬ್ಬರೂ ಸೈಕಲ್ಲುಗಳ ಹಲ್ಲು ಎಣಿಸಿದೆವು. ನನ್ನದರಲ್ಲಿ ಪೆಡಲಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 20. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಎರಡು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಬೇಕು. ಅವಳದರಲ್ಲಿ ಮುಂದೆ 42. ಗೇರ್ ಬದಲಿಸಿದರೆ ಸರಪಳಿ ಹಿಂದಿನ 28 ಹಲ್ಲಿನ ದೊಡ್ಡ ಚಕ್ರಕ್ಕೆ ಹಾರುತ್ತದೆ. ಆಗ ಪೆಡಲಿನ ಒಂದು ಸುತ್ತಿಗೆ ಗಾಲಿಗೆ ಒಂದೂವರೆ ಸುತ್ತು ಸಾಕು. ದೂರ ಕಡಿಮೆ, ಭಾರವೂ ಕಡಿಮೆ. ಸನ್ನೆಗೋಲಿಗೂ ಇದೇ ಗುಟ್ಟು. ಒಂದನ್ನು ಕೊಟ್ಟೇ ಇನ್ನೊಂದನ್ನು ಪಡೆಯಬೇಕು.

"ಹಾಗಾದರೆ ಏರಿನಲ್ಲಿ ನನ್ನ ಸೈಕಲ್ ನೀವು ತಗೊಳ್ಳಿ" ಎಂದಳು. ಅಂದಿನಿಂದ ದೊಡ್ಡ ಏರುಗಳಲ್ಲಿ ಅದಲು ಬದಲು. ಅಪ್ಪನ ಸೈಕಲ್ಲನ್ನು ತಳ್ಳುವ ಸರದಿ ಅವಳದು.

ಬಾಲ್ದಿಯೊಳಗೆ ಪೋರ್ಚುಗೀಸರು

ಕೊಟ್ಟೂರು ಇನ್ನೂ ಐದಾರು ಕಿಲೋಮೀಟರ್ ಇರುವಾಗ ಮುಂದಿನ ಗಾಲಿ ಸುಸ್ತಾಯಿತು. ನೆಗ್ಗಿಲು ಮುಳ್ಳು! ನಮ್ಮ ಕೆಂಪು ನೆಲದ ಬದುಗಳಲ್ಲಿ ಹಳದಿ ಹೂ ಬಿಟ್ಟು ಹರಡಿಕೊಳ್ಳುವ ಪುಟ್ಟ ಬಳ್ಳಿ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ.

ತಳ್ಳಿಕೊಂಡು ಹೋಗಿ ಒಂದು ಹಳ್ಳಿಯ ಅಂಗಡಿ ಸೇರಿದೆವು. ಅಂಗಡಿಯವರು ಟ್ಯೂಬಿಗೆ ಗಾಳಿ ಹೊಡೆದು ಮೊಮ್ಮಗಳಿಗೆ ಹೇಳಿದರು, "ತಂಗೀ, ಆ ಬಾಲ್ದಿ ಈ ಕಡೆ ಸರಿಸು." ನೀರಲ್ಲಿ ಅದ್ದಿದ ಟ್ಯೂಬಿನಿಂದ ಗುಳ್ಳೆ ಎದ್ದವು.

ಆಗ ನಾನು ಹೇಳಿದೆ, "ನೀನು ಪೋರ್ಚುಗಲ್ ನೋಡಬೇಕು ಅಂದೆಯಲ್ಲ, ಅದು ಇಲ್ಲೇ ಇದೆ ನೋಡು. ಬಾಲ್ದಿ ಎಂಬುದು ಪೋರ್ಚುಗೀಸ್ ಮಾತು." ಅಂಗಡಿಯವರು ನಕ್ಕರು. ನಾನು ಬಿಡಲಿಲ್ಲ. ಸೈಕಲ್ ಬೀಗದ ಚಾವಿ, ಮನೆಯ ಅಲಮಾರು, ಬಟ್ಟೆಗೆ ಹಾಕುವ ಇಸ್ತ್ರಿ, ತಿಂಗಳ ಪಗಾರ, ಅನಾನಸು ಹಣ್ಣು, ಎಲ್ಲವೂ ಅವರ ಜೊತೆ ಹಡಗಿನಲ್ಲಿ ಬಂದ ಮಾತುಗಳು. ಮಾತಷ್ಟೇ ಅಲ್ಲ. ಅಂದು ಸಂಜೆ ಕೊಟ್ಟೂರಿನಲ್ಲಿ ಮಂಡಕ್ಕಿಯ ಜೊತೆ ಮಿರ್ಚಿ ತಿನ್ನುವಾಗ ಇನ್ನೊಂದು ಸೇರಿಸಿದೆ. ಮೆಣಸಿನಕಾಯಿಯನ್ನು ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ ತಂದವರೂ ಪೋರ್ಚುಗೀಸರೇ. ಅವರು ಬರುವ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು.

"ಅವರು ಇಲ್ಲಿಗೆ ಯಾಕೆ ಬಂದರು?"

ಕುದುರೆ ಮಾರಲು! 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಗೆ ವಿಜಯನಗರ ದೊಡ್ಡ ಗಿರಾಕಿ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಡೊಮಿಂಗೊ ಪಾಯಸ್ ಎಂಬುವನು ಬಂದು ಕಂಡದ್ದನ್ನೆಲ್ಲ ಬರೆದಿಟ್ಟ. ಆಮೇಲೆ ಬಂದ ನೂನಿಜ್ ಕುದುರೆ ವ್ಯಾಪಾರಿ. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಅವನು ಬರೆದಿದ್ದಾನೆ. ಹಿಂದಿನ ಒಬ್ಬ ಅರಸನಂತೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನಂತೆ. ಇದನ್ನು ಕೇಳಿ ಮೊಮ್ಮಗಳು ನಕ್ಕು ನಕ್ಕು ಮಿರ್ಚಿ ನೆತ್ತಿಗೆ ಹತ್ತಿಸಿಕೊಂಡಳು.

ಐನೂರು ವರ್ಷದ ಹಿಂದೆ ಅವರು ನಮ್ಮ ನದಿ ಕಣಿವೆ ನೋಡಿ ಬೆರಗಾದರು. ಈಗ ನಾವು ಅವರದನ್ನು ನೋಡಿ ನಿಟ್ಟುಸಿರು ಬಿಡುತ್ತೇವೆ.

ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರನ ದರ್ಶನ ಮಾಡಿದೆವು. ರಥೋತ್ಸವದ ದಿನಗಳಲ್ಲಿ ದಾವಣಗೆರೆ ಮೊದಲಾದ ಕಡೆಗಳಿಂದ ಸಾವಿರಾರು ಮಂದಿ ನಡೆದೇ ಬರುವ ಊರು ಇದು. ನಾವು ಬರೀ ಸೈಕಲ್ಲಿನಲ್ಲಿ ಬಂದದ್ದನ್ನು ಇಲ್ಲಿ ಯಾರೂ ಸಾಹಸ ಎನ್ನಲಿಲ್ಲ.

ಒಳಗೆ ನೋಡಬೇಕಾದ ಊರು

ಎರಡನೆಯ ದಿನ ಉಜ್ಜಿನಿ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತು ನಮ್ಮ ಕಡೆ ಇದೆ. ಬಿಸಿಲಿನಿಂದ ಮರುಳಸಿದ್ಧೇಶ್ವರ ಗುಡಿಯ ಒಳಕ್ಕೆ ಕಾಲಿಟ್ಟು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಂಬಗಳ, ಮೇಲ್ಛಾವಣಿಯ ಕೆತ್ತನೆ ಒಂದೊಂದಾಗಿ ಎದ್ದು ಬಂದವು. ಮಾತಿನ ಅರ್ಥ ಆಗ ತಿಳಿಯಿತು. ಪ್ರತಿ ವರ್ಷ ಈ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ. ಮೊಮ್ಮಗಳು ತಲೆ ಎತ್ತಿ ನೋಡಿ, "ಇಷ್ಟು ದೊಡ್ಡ ಎಣ್ಣೆಸ್ನಾನ!" ಎಂದಳು.

ಮೂರನೆಯ ದಿನ ಹರಪನಹಳ್ಳಿ. ಪಾಳೆಗಾರರ ಊರು. ಹಿರಿಯ ಓದುಗರಿಗೆ ಇನ್ನೊಂದು ಗುರುತು ಹೇಳುತ್ತೇನೆ. ತಿಂಮನನ್ನು ಕನ್ನಡಕ್ಕೆ ಕೊಟ್ಟು ನಮ್ಮನ್ನೆಲ್ಲ ನಗಿಸಿದ ಬೀಚಿಯವರು 1913ರಲ್ಲಿ ಹುಟ್ಟಿದ್ದು ಇಲ್ಲೇ. ಈ ತಾಲ್ಲೂಕಿನ ಹಣೆಬರಹವೂ ತಿಂಮನ ಕಥೆಯ ಹಾಗೇ ಇದೆ. 1953ರವರೆಗೆ ಬಳ್ಳಾರಿ ಜಿಲ್ಲೆಯೊಂದಿಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಬಂತು. "ಊರು ನಿಂತಲ್ಲೇ ನಿಂತಿದೆ, ಅಂಚೆಯವನಿಗೆ ಮಾತ್ರ ಕಷ್ಟ" ಎಂದಳು ಮೊಮ್ಮಗಳು. ಅಪ್ಪನಿದ್ದಿದ್ದರೆ ಮೆಚ್ಚುತ್ತಿದ್ದರು.

ನಾನು ಮಾಡಿದ ತಪ್ಪು

ನಾಲ್ಕನೆಯ ದಿನ ನಾನೇ ಮಾಡಿದ ನಿಯಮವನ್ನು ನಾನೇ ಮುರಿದೆ.

ಬೆಳಿಗ್ಗೆ ಬಾಗಳಿಯ ಕಲ್ಲೇಶ್ವರ ಗುಡಿಗೆ ಹೋದೆವು. ಕ್ರಿ.ಶ. 987ರ ಶಾಸನವಿರುವ ಗುಡಿ. ಕಲ್ಯಾಣ ಚಾಲುಕ್ಯರ ಮೊದಲ ಅರಸ ಎರಡನೆಯ ತೈಲಪನ ಕಾಲದ್ದು. ಇಲ್ಲಿ ಬಳಸಿರುವುದು ಬಳಪದ ಕಲ್ಲು. ಹೌದು ಮಕ್ಕಳೇ, ನಿಮ್ಮ ಅಜ್ಜ ಅಜ್ಜಿ ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯದೇ. ಕಲ್ಲು ಮೆತ್ತಗಿರುವುದರಿಂದ ಉಳಿ ಹೇಳಿದಂತೆ ಕೇಳುತ್ತದೆ. ಕಂಬಗಳು ಬುಗುರಿಯ ಹಾಗೆ ದುಂಡಗೆ, ಬಳೆ ಬಳೆಯಾಗಿ ಕಡೆದವು. ಇನ್ನು ಕೆಲವು ಮೂಲೆ ಮೂಲೆಯಾಗಿ ಮಡಚಿದವು. ಒಂದರ ಹಾಗೆ ಇನ್ನೊಂದಿದೆಯೇ ಎಂದು ಹುಡುಕುವ ಆಟದಲ್ಲಿ ಬಿದ್ದ ನಮಗೆ ಗಂಟೆ ಹತ್ತಾದದ್ದೇ ತಿಳಿಯಲಿಲ್ಲ.

ಅಲ್ಲೇ ಸಂಜೆವರೆಗೆ ಇರಬೇಕಿತ್ತು. "ಮುಂದಿನ ಊರಿಗೆ ಹೋಗಿಬಿಡೋಣ" ಅಂದವಳು ನಾನು. ಹಿರೇಹಡಗಲಿಯ ದಾರಿ ಉದ್ದ, ಮರ ಕಡಿಮೆ, ಕಪ್ಪು ನೆಲ. ಹನ್ನೊಂದೂವರೆಗೆ ಬಾಟಲಿಯ ನೀರು ಮುಗಿಯಿತು. ಬೆವರುವುದು ನಿಂತಿತು, ತಲೆ ತಿರುಗಿತು, ಸೈಕಲ್ ವಾಲಿತು. ನಾನು ರಸ್ತೆಯ ಅಂಚಿಗೆ ಕುಸಿದು ಕೂತೆ.

ಮೊಮ್ಮಗಳು ಅಳಲಿಲ್ಲ. ನನ್ನನ್ನು ಬೇವಿನ ಮರದ ಕೆಳಗೆ ಎಳೆದುಕೊಂಡು ಹೋಗಿ, ದುಪಟ್ಟಾದಿಂದ ಗಾಳಿ ಹಾಕಿ, ಹೊಲದಲ್ಲಿ ಕಂಡ ಗುಡಿಸಿಲಿನ ಕಡೆ ಓಡಿದಳು. ಅಲ್ಲಿಂದ ಒಬ್ಬ ತಾಯಿ ಮಣ್ಣಿನ ಕೊಡ ಹೊತ್ತು ಬಂದರು. ಒದ್ದೆ ಬಟ್ಟೆ ಕುತ್ತಿಗೆಗೆ ಸುತ್ತಿ, ಉಪ್ಪು ಹಾಕಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದರು. "ಈ ಹೊತ್ತಿನಾಗ ನಮ್ಮ ಎತ್ತೂ ಹೊರಬೀಳಂಗಿಲ್ಲ, ನೀವು ಎಲ್ಲಿಗೆ ಹೊಂಟೀರಿ?" ಎಂದು ಬೈದರು. ಆ ಬೈಗುಳ ಮಜ್ಜಿಗೆಯಷ್ಟೇ ತಂಪಾಗಿತ್ತು. ಸಂಜೆ ಐದರವರೆಗೆ ಅವರ ಗುಡಿಸಿಲಿನಲ್ಲೇ ಮಲಗಿದೆ. ಆಮೇಲೆ ಅವರ ಮಗ ಟ್ರ್ಯಾಕ್ಟರಿನಲ್ಲಿ ನಮ್ಮನ್ನೂ ಸೈಕಲ್ಲುಗಳನ್ನೂ ಹಿರೇಹಡಗಲಿಗೆ ಬಿಟ್ಟುಬಂದ.

ಅಂದು ರಾತ್ರಿ ಮೊಮ್ಮಗಳು, "ಅಜ್ಜಿ, ಸಾಕು, ಮನೆಗೆ ಹೋಗೋಣ. ಹಳೇ ಊರು ಮುಂದಿನ ವರ್ಷ ನೋಡೋಣ" ಎಂದಳು.

ನನಗೆ ಮಾತೇ ಹೊರಡಲಿಲ್ಲ. ನನ್ನ ಮಾತೇ ನನಗೆ ತಿರುಗಿ ಬಂದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಅಪ್ಪನ ಕಥೆಯನ್ನು ಪೂರ್ತಿ ಹೇಳಿದೆ. ಅವಳು ಸುಮ್ಮನೆ ಕೇಳಿದಳು. ಕೊನೆಗೆ, "ಹಾಗಾದರೆ ಒಂದು ದಿನ ರೆಸ್ಟ್. ಆಮೇಲೆ ದಿನಾ ಒಂಬತ್ತಕ್ಕೆ ನಾನೇ ಬೆಲ್ ಹೊಡೀತೀನಿ. ಹೊಡೆದ ಕೂಡಲೇ ನಿಲ್ಲಬೇಕು" ಎಂದು ಕರಾರು ಹಾಕಿದಳು. ಒಪ್ಪಿದೆ. ಎಂಟು ದಿನದ ಪ್ರಯಾಣ ಒಂಬತ್ತು ದಿನವಾಯಿತು.

ನದಿ ಸಿಕ್ಕಿತು

ಆರನೆಯ ದಿನ ಕುರುವತ್ತಿಯಲ್ಲಿ ತುಂಗಭದ್ರೆ ಸಿಕ್ಕಿದಳು. ಬೇಸಿಗೆಯ ನದಿ, ಅರ್ಧ ಬಂಡೆ, ಅರ್ಧ ಮರಳು, ನಡುವೆ ತೆಳ್ಳಗೆ ನೀರು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಬೇರೆ ಬೇರೆಯಾಗಿ ಹುಟ್ಟುವ ತುಂಗೆ, ಭದ್ರೆಯರು ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಒಂದಾಗಿ ಇಲ್ಲಿಗೆ ಬರುತ್ತಾರೆ. "ಕೂಡ್ಲಿ ಬೇರೆ, ಕೂಡ್ಲಿಗಿ ಬೇರೆ. ಪರೀಕ್ಷೆಯಲ್ಲಿ ತಪ್ಪು ಬರೀಬೇಡ" ಅಂದೆ.

ಇಲ್ಲಿಯ ಮಲ್ಲಿಕಾರ್ಜುನ ಗುಡಿಯ ಬಾಗಿಲ ಕಂಬಗಳ ಮೇಲೆ ಬಳ್ಳಿಯ ಹಾಗೆ ಬಳುಕಿ ನಿಂತ ಮದನಿಕೆಯರಿದ್ದಾರೆ. ಬೇಲೂರಿನ ಶಿಲಾಬಾಲಿಕೆಯರಿಗೆ ಅಕ್ಕಂದಿರು ಎನ್ನಬಹುದು. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರ ವಾಸಿಯಾಗದ ಕಾಯಿಲೆಯಿಂದ ನೊಂದು 1068ರಲ್ಲಿ ಈ ಹೊಳೆಯಲ್ಲೇ ಜೀವ ಬಿಟ್ಟ. ಅಂಥ ದೊಡ್ಡ ಅರಸನ ಕೊನೆಯ ದಿನ ಕಂಡ ದಂಡೆಯ ಮೇಲೆ ಈಗ ಹುಡುಗರು ಎಮ್ಮೆ ಮೈ ತೊಳೆಯುತ್ತಿದ್ದರು.

ಒಂದು ಹರಿಗೋಲು ಬಂತು. ಮೊಮ್ಮಗಳು ಕುಣಿದಾಡಿದಳು. ಬುಟ್ಟಿಯಂತೆ ದುಂಡಗಿರುವ, ಬೆತ್ತ ಹೆಣೆದು ಚರ್ಮ ಹೊದಿಸಿದ ದೋಣಿಯನ್ನು ಪಾಯಸ್ ಕೂಡ ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ಹುಟ್ಟು ಹಾಕಿದರೆ ಗಿರಗಿರನೆ ತಿರುಗುತ್ತಲೇ ಮುಂದೆ ಹೋಗುತ್ತದೆ ಎಂದು ಅವನಿಗೆ ಸೋಜಿಗ. ಸೋಜಿಗ ಪಟ್ಟವನು ದೌರೊ, ತೇಜೊ ನದಿಗಳ ದೇಶದವನು! ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆಯೋ ಫೈಬರೋ ಬಂದಿದೆ. ತಿರುಗುವುದು ಮಾತ್ರ ಹಾಗೆಯೇ.

ಪಕ್ಕದಲ್ಲೇ ಮೈಲಾರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲು ಏರಿ ಒಂದೇ ಸಾಲಿನ ಕಾರ್ಣಿಕ ನುಡಿಯುವ ಕ್ಷೇತ್ರ. ಆಗ ಲಕ್ಷಗಟ್ಟಲೆ ಜನ ತುಂಬುವ ಬಯಲಿನಲ್ಲಿ ಈಗ ನಾವಿಬ್ಬರು ಮತ್ತು ಒಂದಿಷ್ಟು ಕುರಿಗಳು.

ಹೂವಿನ ಹಡಗು

ಏಳನೆಯ ದಿನ ಹೂವಿನ ಹಡಗಲಿ. ಊರು ಇನ್ನೂ ದೂರವಿರುವಾಗಲೇ ಗಾಳಿಯಲ್ಲಿ ಮಲ್ಲಿಗೆ ಬಂತು. ಇದು ಸೈಕಲ್ಲಿನವರಿಗೆ ಮಾತ್ರ ಸಿಗುವ ಭಾಗ್ಯ. ಗಾಜು ಏರಿಸಿದ ಕಾರಿಗೆ ಈ ಸುದ್ದಿ ಮುಟ್ಟುವುದಿಲ್ಲ.

ಮೈಸೂರು, ಉಡುಪಿ ಮಲ್ಲಿಗೆಗಳ ಹಾಗೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ವಿಜಯನಗರದ ಕಾಲದಲ್ಲಿ ಇಲ್ಲಿಯ ಹೂವನ್ನು ಹಡಗಿಗೆ ತುಂಬಿ ತುಂಗಭದ್ರೆಯಲ್ಲಿ ಹಂಪಿಗೆ ಕಳಿಸುತ್ತಿದ್ದರು, ಅದಕ್ಕೇ ಈ ಹೆಸರು ಎಂದು ಊರಿನವರು ಹೇಳುತ್ತಾರೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಈ ಪಟ್ಟಣದ ಜನಕ್ಕೆ ಹೂವಿಲ್ಲದೆ ಬದುಕೇ ಇಲ್ಲ ಎಂಬಂತೆ ಬರೆದಿದ್ದಾನೆ. ಅಷ್ಟು ಹೂವು ಎಲ್ಲಿ ಬೆಳೆಯುತ್ತಿತ್ತು ಎಂದು ಇಲ್ಲಿ ಬಂದರೆ ಊಹಿಸಬಹುದು.

ನಮ್ಮನ್ನು ಉಳಿಸಿಕೊಂಡ ಹಳೆಯ ವಿದ್ಯಾರ್ಥಿನಿ ಹೊರಡುವಾಗ ಒಂದು ಮೊಳ ಮಲ್ಲಿಗೆಯನ್ನು ಅಪ್ಪನ ಸೈಕಲ್ಲಿನ ಹ್ಯಾಂಡಲಿಗೆ ಸುತ್ತಿದಳು. ಒಂದು ಕಾಲದಲ್ಲಿ ಗುಣಾಕಾರ ತಪ್ಪಿದ್ದಕ್ಕೆ ನಾನು ಅವಳ ಕಿವಿ ಹಿಂಡಿದ್ದೆ!

ಹಳೇ ಊರು

ಎಂಟನೆಯ ದಿನ. ಹಗರಿಬೊಮ್ಮನಹಳ್ಳಿಯ ದಾರಿ ಬಿಟ್ಟು, ಹಿನ್ನೀರಿನ ಕಡೆಯ ಮಣ್ಣಿನ ಹಾದಿ ಹಿಡಿದೆವು. ಸ್ವಲ್ಪ ದೂರ ಹೋದ ಮೇಲೆ ಮರಗಳು ಮುಗಿದವು. ಮುಂದೆ ಬರೀ ಬಯಲು. ಒಣಗಿ ಬಿರಿದ ಕೆಸರು ಹಪ್ಪಳದ ಹಾಗೆ ಮಗುಚಿಕೊಂಡಿತ್ತು. ದೂರದಲ್ಲಿ ನೀರಿನ ಗೆರೆ. ಮಳೆಗಾಲದಲ್ಲಿ ನಾವು ನಿಂತ ಜಾಗವೂ ನೀರೇ. ತುಂಬಿದಾಗ ಈ ಜಲಾಶಯ 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ.

ಬಲೆ ಸರಿಮಾಡುತ್ತ ಕೂತಿದ್ದ ಒಬ್ಬ ಮುದುಕರನ್ನು ಕೇಳಿದೆ. ಅವರು ಏಳದೆಯೇ ಕೈ ತೋರಿಸಿದರು. "ಅಕಾ, ಆ ಕಲ್ಲು ಕಾಣ್ತಾವಲ್ಲ, ಅದು ಹನುಮಪ್ಪನ ಗುಡಿ ಕಟ್ಟೆ. ಅದರಾಚೆ ಓಣಿ ಇದ್ದವಂತೆ. ನಮ್ಮಪ್ಪ ಹೇಳ್ತಿದ್ದ."

ಅವರೂ ಅವರಪ್ಪ ಹೇಳಿದ್ದನ್ನೇ ನೆನಪಿಟ್ಟುಕೊಂಡವರು.

ಸೈಕಲ್ ತಳ್ಳಿಕೊಂಡು ಹೋದೆವು. ಕಟ್ಟೆಯ ಕಲ್ಲುಗಳು, ಬಾಯಿ ಮುಚ್ಚಿಹೋದ ಒಂದು ಬಾವಿ, ಮೊಣಕಾಲೆತ್ತರದ ಗೋಡೆಯ ಗುರುತುಗಳು, ಹುಣಸೆಯ ಬೊಡ್ಡೆ. ಅಷ್ಟೇ. ಅಪ್ಪ ಎಷ್ಟೋ ಸಲ ಹೇಳಿದ್ದರು, "ಹನುಮಪ್ಪನ ಕಟ್ಟೆಗೆ ಬೆನ್ನು ಕೊಟ್ಟು ಸೂರ್ಯನ ಕಡೆಗೆ ನಲವತ್ತು ಹೆಜ್ಜೆ ಹಾಕಿದರೆ ನಮ್ಮ ಹೊಸ್ತಿಲು." ಮೊಮ್ಮಗಳು ಕಟ್ಟೆಗೆ ಬೆನ್ನು ಕೊಟ್ಟು ಎಣಿಸಿದಳು. ನಲವತ್ತಕ್ಕೆ ನಿಂತರೆ ಕೆಸರು. "ಮುತ್ತಜ್ಜನ ಹೆಜ್ಜೆ ದೊಡ್ಡದಿರಬೇಕು" ಎಂದು ಇನ್ನೂ ಹತ್ತು ಹೆಜ್ಜೆ ಹೋದಳು. ಅಲ್ಲಿ ಅರ್ಧ ಹೂತ ಒಂದು ಒರಳುಕಲ್ಲು. ಅದು ನಮ್ಮ ಮನೆಯದೋ, ಪಕ್ಕದ ಮನೆಯದೋ, ಹೇಳುವವರು ಯಾರೂ ಇಲ್ಲ.

ನಾನು ಅದರ ಪಕ್ಕದಲ್ಲಿ ಸೈಕಲ್ ನಿಲ್ಲಿಸಿದೆ. ಅದು ಬಂದಿತ್ತು. ಅಪ್ಪನನ್ನು ಕರೆತರಲಾಗಲಿಲ್ಲ, ಅವರ ಸೈಕಲ್ಲನ್ನಾದರೂ ತಂದೆ. ಹ್ಯಾಂಡಲಿನ ಮಲ್ಲಿಗೆ ಬಾಡಿತ್ತು. ಬಿಚ್ಚಿ ಒರಳಿನ ಗುಳಿಯಲ್ಲಿಟ್ಟೆ.

"ಅಜ್ಜಿ, ಕಾಗದ ಬಂದಾಗ ಮುತ್ತಜ್ಜ ಏನು ಮಾಡ್ತಿದ್ರು?"

"ಮನೆ ಮುಂದೆ ಎರಡು ಸಲ ಬೆಲ್ ಹೊಡೀತಿದ್ರು."

ಅವಳು ಹೋಗಿ ಎರಡು ಸಲ ಬೆಲ್ ಹೊಡೆದಳು. ಆ ಬಯಲಿನಲ್ಲಿ ಆ ಸದ್ದು ಬಹಳ ದೂರ ಹೋಯಿತು. ಬಲೆಯ ಮುದುಕರು ತಲೆ ಎತ್ತಿ ನೋಡಿದರು.

ಅಪ್ಪನಿಗೆ ಅಣೆಕಟ್ಟೆಯ ಮೇಲೆ ಸಿಟ್ಟಿರಲಿಲ್ಲ. "ನಮ್ಮೂರ ಮೇಲಿನ ನೀರು ಎಲ್ಲೋ ಒಬ್ಬರ ಗದ್ದೆಗೆ ಹೋಗ್ತದೆ, ಹೋಗಲಿ. ನಮ್ಮೂರೂ ಇತ್ತು ಅಂತ ನೆನಪಿದ್ದರೆ ಸಾಕು" ಎನ್ನುತ್ತಿದ್ದರು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋಗಿ ನೀರೆಲ್ಲ ಹರಿದುಹೋಗುವಾಗ ನಾನು ಟಿ.ವಿ. ಮುಂದೆ ಕೂತು ಕಣ್ಣೀರು ಹಾಕಿದ್ದೆ. ಮುಳುಗಿದ ಊರಿನವರ ಮಗಳು ನೀರು ಹೋಯಿತೆಂದು ಅತ್ತದ್ದು ಯಾಕೆಂದು ಆಗ ನನಗೇ ತಿಳಿದಿರಲಿಲ್ಲ. ಈಗ ತಿಳಿಯಿತು. ಆ ನೀರಿಗಾಗಿ ಊರನ್ನೇ ಕೊಟ್ಟಿದ್ದೆವಲ್ಲ.

ಗಂಟೆ ಒಂಬತ್ತಾಯಿತು. ಮೊಮ್ಮಗಳು ಕರಾರಿನಂತೆ ಮತ್ತೆ ಬೆಲ್ ಹೊಡೆದಳು. ಹೊರಟೆವು.

ಕೊನೆಯ ನಿಲುಗಡೆ

ಸಂಜೆ ಹಗರಿಬೊಮ್ಮನಹಳ್ಳಿ ಸಮೀಪದ ಅಂಕಸಮುದ್ರ ಕೆರೆಗೆ ಹೋದೆವು. ಊರಿನ ನೀರಾವರಿಗೆಂದು ಕಟ್ಟಿದ ಕೆರೆ ಇದು. ನೀರಿನ ನಡುವೆ ಜಾಲಿ ಮರಗಳು, ಮರದ ತುಂಬ ಹಕ್ಕಿಗಳು. ಬಣ್ಣದ ಕೊಕ್ಕರೆ, ಬಾಯ್ಕಳಕ, ಕರಿತಲೆಯ ಕೆಂಬರಲು, ನೀರುಕಾಗೆ. 2017ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು.

"ಪಪ್ಪ ಹೋಗಿದ್ದ ಜಾಗ ಯುನೆಸ್ಕೊ ಪಟ್ಟಿಯಲ್ಲಿದೆ. ನಮ್ಮದೂ ಪಟ್ಟಿಯಲ್ಲಿದೆ!" ಎಂದು ಮೊಮ್ಮಗಳು ಅಲ್ಲಿಂದಲೇ ಫೋಟೋ ಕಳಿಸಿದಳು. ಮಗನ ಉತ್ತರ ತಕ್ಷಣ ಬಂತು. "ಇದು ಎಲ್ಲಿ?" ಇಪ್ಪತ್ತು ವರ್ಷ ಕೂಡ್ಲಿಗಿಯಲ್ಲಿ ಬೆಳೆದ ನನ್ನ ಮಗನ ಪ್ರಶ್ನೆ ಇದು!

ಮರುದಿನ ಕೂಡ್ಲಿಗಿ ಸೇರಿದೆವು. ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಒಟ್ಟು ಪಂಚರ್ ನಾಲ್ಕು, ಫೋನ್ ಮಾಡಿದ್ದು ಒಂದಕ್ಕೂ ಇಲ್ಲ.

1923ರಲ್ಲಿ ಮುಂಬಯಿಯ ಕೆಲವು ಪಾರ್ಸಿ ತರುಣರು ಸೈಕಲ್ ಹತ್ತಿ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಮೂವರು ಪೂರ್ತಿ ಸುತ್ತಿ 1928ರಲ್ಲಿ ಮರಳಿದರು. ನಮ್ಮದು ಅಂಥ ಸಾಹಸವಲ್ಲ. ಐದು ತಾಲ್ಲೂಕು, ಒಂದು ನದಿ, ಒಂದು ಒರಳುಕಲ್ಲು. ಆದರೂ ಗೋಣಿಚೀಲವನ್ನು ಮತ್ತೆ ಸೈಕಲ್ಲಿಗೆ ಹೊದಿಸಲಿಲ್ಲ. ಅದು ಈಗ ಪಡಸಾಲೆಯಲ್ಲಿದೆ.

ಮಕ್ಕಳೇ, ಇವತ್ತು ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿ: "ನೀವು ನೋಡಬೇಕು ಅಂದುಕೊಂಡು ನೋಡದೇ ಉಳಿದ ಜಾಗ ಯಾವುದು?" ಉತ್ತರ ಬಂದರೆ ಈ ರಜೆಯಲ್ಲೇ ಹೊರಡಿ.

ನೀವೂ ಹೊರಡುವುದಾದರೆ

● ಬೇಸಿಗೆಗಿಂತ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಬೇಸಿಗೆಯಾದರೆ ಬೆಳಿಗ್ಗೆ ಒಂಬತ್ತೂವರೆಗೆ ನಿಲ್ಲಿಸಿ.

● ದಿನಕ್ಕೆ 30 ಕಿ.ಮೀ. ಸಾಕು. ಏರಿನಲ್ಲಿ ತಳ್ಳುವುದು ಸೋಲಲ್ಲ.

● ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕರಗಿಸಿ ಜೊತೆಗಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕೇಳಿ.

● ಪಂಪು, ಪ್ಯಾಚು, ಒಂದು ಹೆಚ್ಚುವರಿ ಟ್ಯೂಬು ಇರಲಿ. ನೆಗ್ಗಿಲು ಮುಳ್ಳಿಗೆ ಅಜ್ಜಿ, ಮೊಮ್ಮಕ್ಕಳೆಂಬ ಭೇದವಿಲ್ಲ.

● ಹಿನ್ನೀರಿನ ಒಣ ಕೆಸರು ನೋಡಲು ಗಟ್ಟಿ, ಒಳಗೆ ಮೆತ್ತಗಿರಬಹುದು. ಸ್ಥಳೀಯರನ್ನು ಕೇಳದೆ ಕಾಲಿಡಬೇಡಿ. ಹಿರಿಯರಿಲ್ಲದೆ ಮಕ್ಕಳು ನೀರಿನ ಹತ್ತಿರ ಹೋಗಲೇಬಾರದು.